ಎಳೆದ ಪೊರೆಯ ಗುಣದೋಷ

ಪಾಲಿಮರ್ ಪೊರೆಯನ್ನು ಎಳೆದರೆ ರಂಧ್ರ ದೊಡ್ಡದಾಗುತ್ತದೆ, ಶೋಧನೆ ಚುರುಕಾಗುತ್ತದೆ ಎಂಬುದು ಈ ತಂತ್ರಕ್ಕೆ ಸಿಗುವ ಸಾಮಾನ್ಯ ಹೊಗಳಿಕೆ. ಅದರಲ್ಲಿ ಸತ್ಯ ಅರ್ಧ ಮಾತ್ರ. ಮೈಸೂರಿನ ರಾಜೀವನಗರದ ಮನೆಗಳಲ್ಲಿ 'ಮೆಂಬ್ರೇನ್ ಹೋಯ್ತು' ಎನ್ನುವಾಗ ಮಾತಿಗೆ ಬರುವ ಆರ್‌ಓ ಪೊರೆಯ ಜಾತಿಯೇ ಬೇರೆ; ಅದು ಎಳೆದು ಮಾಡಿದ್ದಲ್ಲ. ಎಳೆತದ ಲಾಭನಷ್ಟ ತೂಗಲು ಅದೇ ಊರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ನಡೆದ ಕೆಲಸ ಹೆಚ್ಚು ನೆರವಾಗುತ್ತದೆ.

ಮೊದಲು ತಂತ್ರದ ಹಿರಿಮೆ. ಪಾಲಿಪ್ರಾಪಿಲೀನನ್ನು ಕರಗಿಸಿ ಹಾಳೆ ತೆಗೆದು, ಕಾಯಿಸಿ ಹದಮಾಡಿ ಎಳೆದರೆ, ಒಳಗೆ ಸಾಲುಗಟ್ಟಿದ ಸ್ಫಟಿಕದ ಪದರಗಳು ಒಂದರಿಂದೊಂದು ಬಿಡಿಸಿಕೊಂಡು ನಡುವೆ ಸಣ್ಣ ಸೀಳುಗಳು ತೆರೆಯುತ್ತವೆ. ಬಿಸಿಮಾಡಿದ ಟೆಫ್ಲಾನನ್ನು 1969ರಲ್ಲಿ ಅಮೆರಿಕದ ಬಾಬ್ ಗೋರ್ ನಿಧಾನವಾಗಿ ಎಳೆಯುವ ಬದಲು ಒಮ್ಮೆಲೆ ಜಗ್ಗಿದಾಗ ಅದು ಹರಿಯದೆ, ಗಂಟು ಮತ್ತು ನೂಲುಗಳ ಜಾಲವಾಗಿ ಹಿಗ್ಗಿತು. ರಂಧ್ರ ತೆರೆಯಲು ದ್ರಾವಕ ಬೇಕಿಲ್ಲ ಎಂಬುದು ಪಾಲಿಪ್ರಾಪಿಲೀನ್ ವಿಧಾನದ ದೊಡ್ಡ ಗುಣ.

ಸೀಳಿನ ಆಕಾರಕ್ಕೂ ಬೆಲೆಯಿದೆ. ದುಂಡನೆಯ ಕಣವನ್ನು ತಡೆಯುವುದು ಸೀಳಿನ ಕಿರಿದಾದ ಬದಿ. ನೀರಿಗೆ ಮಾತ್ರ ಇಡೀ ಉದ್ದ ತೆರೆದಿರುತ್ತದೆ. ದುಂಡು ರಂಧ್ರದ ಮೇಲೆ ಕುಳಿತ ಕಣ ಅದನ್ನು ಪೂರ್ತಿ ಮುಚ್ಚಿದರೆ, ಸೀಳಿನ ಮೇಲೆ ಕುಳಿತದ್ದು ಒಂದು ತುಂಡನ್ನಷ್ಟೇ ಮುಚ್ಚುತ್ತದೆ. ಆದರೆ ಮೊದಲೇ ರಂಧ್ರವಿರುವ ಪೊರೆಯನ್ನು ಒಂದೇ ದಿಕ್ಕಿಗೆ ಎಳೆದರೆ, ಜಗ್ಗಿದ ಮಲ್ಲು ಬಟ್ಟೆಯಂತೆ, ಅಡ್ಡಕ್ಕೆ ಕುಗ್ಗುವುದುಂಟು. ಬಿಸಿಯಲ್ಲಿ ಹಿಡಿದು ಆಕಾರ ನಿಲ್ಲಿಸದಿದ್ದರೆ ಹಿಗ್ಗಿದ್ದು ಮತ್ತೆ ಸೇದಿಕೊಳ್ಳುತ್ತದೆ. ಎಳೆತ ಮಿತಿ ಮೀರಿದರೆ ಅಲ್ಲಲ್ಲಿ ಹರಿಯುತ್ತದೆ; ಒಂದು ಹರಿದ ಜಾಗದಿಂದ ಬ್ಯಾಕ್ಟೀರಿಯಾ ದಾಟುವಾಗ 'ಸರಾಸರಿ ರಂಧ್ರ'ದ ಅಂಕಿ ಕಾಯಲು ಬರುವುದಿಲ್ಲ.

ಇನ್ನು ಮೈಸೂರಿನ ಪ್ರಯೋಗ. ಸಿಎಫ್‌ಟಿಆರ್‌ಐನ ಕೆ.ಎಸ್.ಎಂ.ಎಸ್. ರಾಘವರಾವ್ ಮತ್ತು ಸಹೋದ್ಯೋಗಿಗಳು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೋಸಂಬಿ ರಸ ಮತ್ತು ನೀಲಿ ಬಣ್ಣದ ಫೈಕೋಸಯನಿನ್ ದ್ರಾವಣವನ್ನು ಕುದಿಸದೆ ಗಟ್ಟಿಮಾಡಲಾಯಿತು. ಪಾಲಿಪ್ರಾಪಿಲೀನ್ ಪೊರೆಯ ಒಂದು ಬದಿಗೆ ರಸ, ಇನ್ನೊಂದು ಬದಿಗೆ ಗಾಢವಾದ ಉಪ್ಪಿನ ದ್ರಾವಣ. ರಂಧ್ರ ದಾಟುವುದು ನೀರಿನ ಆವಿ ಮಾತ್ರ. ಇಲ್ಲಿ ರಂಧ್ರ ಒಣಗಿರಬೇಕು. ಅದು ಅಗಲವಾದಷ್ಟೂ ದ್ರವ ಒಳನುಗ್ಗಲು ಬೇಕಾದ ಒತ್ತಡ ತಗ್ಗುತ್ತದೆ. ಒಂದೇ ಅಗಲದ ದುಂಡು ರಂಧ್ರಕ್ಕೆ ಹೋಲಿಸಿದರೆ ಉದ್ದನೆಯ ಸೀಳಿನ ತಡೆ ಸುಮಾರು ಅರ್ಧ. ನೀರಿನ ಶೋಧನೆಯಲ್ಲಿ ಗುಣವಾಗಿದ್ದ ಆಕಾರ ಇಲ್ಲಿ ದೋಷ.

ಅಗಲಿಸಿದ್ದಕ್ಕೆ ಪ್ರತಿಫಲವೂ ಬೇಗ ಬತ್ತುತ್ತದೆ. ಗಾಳಿಯಲ್ಲಿ ಆವಿಯ ಅಣು ಇನ್ನೊಂದಕ್ಕೆ ಡಿಕ್ಕಿ ಹೊಡೆಯದೆ ಸಾಗುವ ದೂರ ಸುಮಾರು 0.1 ಮೈಕ್ರಾನ್. ಮೈಸೂರಿನವರು ಬಳಸಿದ 0.05 ಮತ್ತು 0.2 ಮೈಕ್ರಾನ್ ರಂಧ್ರಗಳು ಈ ಗೆರೆಯ ಆಚೀಚೆ ನಿಲ್ಲುತ್ತವೆ. ಗೆರೆ ದಾಟಿ ದೂರ ಹೋದಷ್ಟೂ ಅಣುವಿಗೆ ಅಡ್ಡಿ ರಂಧ್ರದ ಗೋಡೆಯಲ್ಲ, ಒಳಗಿನ ಗಾಳಿ. ಆಗ ನೆರವಾಗುವುದು ರಂಧ್ರಗಳ ಒಟ್ಟು ಪಾಲು ಮತ್ತು ಪೊರೆಯ ತೆಳುವು. ಹದವಾದ ಎಳೆತ ಎರಡನ್ನೂ ಕೊಡಬಲ್ಲದು.

ಹಾಗಾಗಿ ಎಳೆತ ಒಳ್ಳೆಯ ತಂತ್ರವೇ, ಅದನ್ನು ಅಳೆಯುವ ರೂಢಿ ಮಾತ್ರ ದುರ್ಬಲ. ನೀರಿನ ಪೊರೆಗೆ ಅತಿ ದೊಡ್ಡ ಸೀಳಿನ ಕಿರಿಬದಿ ಎಷ್ಟೆಂದು ಕೇಳಬೇಕು. ರಸದ ಪೊರೆಗೆ, ಎಷ್ಟು ಒತ್ತಡದವರೆಗೆ ಒಣಗಿರುತ್ತದೆಂದು. ಈ ಉತ್ತರಗಳಿಲ್ಲದೆ ಹರಿವಿನ ಹೆಚ್ಚಳವೊಂದನ್ನೇ ತೋರಿಸುವ ವರದಿಗೆ ಪೂರ್ಣ ಅಂಕ ಕೊಡಲಾಗದು.