ಕಾಲಾಮರ ಸಂದೇಹವೂ ನಮ್ಮ ಸಾಕ್ಷಿಯೂ

ಕೇಸಪುತ್ತದ ಕಾಲಾಮರಿಗೆ ಬುದ್ಧನು ನೀಡಿದ ಉಪದೇಶವನ್ನು ನೆನೆಯದ ಸರ್ವಧರ್ಮ ಸಂವಾದಗಳು ವಿರಳ. ಸೋಮ ಥೇರರು ತಮ್ಮ ಇಂಗ್ಲಿಷ್ ಅನುವಾದವನ್ನು ಮುಕ್ತ ವಿಚಾರಣೆಯ ಸನ್ನದೆಂದು ಕರೆದರು. ಬೌದ್ಧರದು ವಿಚಾರದ ಮಾರ್ಗ, ಕ್ರೈಸ್ತರದು ವಿಶ್ವಾಸದ ಮಾರ್ಗ ಎಂಬ ಸುಲಭ ವಿಂಗಡಣೆಗೆ ಈಗ ಅದೇ ಆಧಾರವಾಗಿದೆ. ಈ ವಿಂಗಡಣೆಯನ್ನು ನಾವು ಒಪ್ಪಲಾರೆವು. ಮೂಲಪಾಠವೂ ಅದನ್ನು ಸಮರ್ಥಿಸುವುದಿಲ್ಲ.

ಅಂಗುತ್ತರ ನಿಕಾಯದ ಈ ಸುತ್ತದಲ್ಲಿ ಕಾಲಾಮರ ತೊಡಕು ಸ್ಪಷ್ಟ. ಊರಿಗೆ ಬರುವ ಶ್ರಮಣಬ್ರಾಹ್ಮಣರೆಲ್ಲ ಸ್ವಮತವನ್ನು ಮೆರೆಸಿ ಪರಮತವನ್ನು ಹಳಿಯುತ್ತಾರೆ; ಯಾರನ್ನು ನಂಬುವುದು? ಬುದ್ಧನು ಆ ಸಂದೇಹ ತಕ್ಕದ್ದೇ ಎಂದೊಪ್ಪಿ, ನಂಬಲು ಸಾಲದ 10 ಆಧಾರಗಳನ್ನು ಎಣಿಸುತ್ತಾನೆ. ಪರಂಪರೆ, ಶಾಸ್ತ್ರಗ್ರಂಥ, ಗುರುಗೌರವಗಳನ್ನು ಎಲ್ಲರೂ ಉದಾಹರಿಸುತ್ತಾರೆ. ತರ್ಕವೂ ಅದೇ ಪಟ್ಟಿಯಲ್ಲಿದೆಯೆಂಬುದನ್ನು ವಿಚಾರವಾದಿಗಳು ಏಕೋ ಮರೆಯುತ್ತಾರೆ! ಉಳಿಯುವ ಒರೆಗಲ್ಲು ನೈತಿಕವಾದುದು: ಲೋಭ, ದ್ವೇಷ, ಮೋಹಗಳಿಂದ ಹುಟ್ಟಿ ಕೇಡು ತರುವುದನ್ನು ಸ್ವತಃ ಅರಿತು ತ್ಯಜಿಸಬೇಕು. ಗಮನಿಸಬೇಕಾದುದು ಇನ್ನೊಂದಿದೆ. ಕಾಲಾಮರಲ್ಲಿ ಹುಟ್ಟಿದ ಸಂದೇಹಕ್ಕೆ ಪಾಲಿಯಲ್ಲಿ ಬಳಸಿದ ‘ವಿಚಿಕಿಚ್ಛಾ’ ಎಂಬ ಪದವೇ ಬೇರೆಡೆ ಚಿತ್ತವನ್ನು ಮುಸುಕುವ 5 ನೀವರಣಗಳಲ್ಲಿ ಒಂದರ ಹೆಸರು. ವಿಚಾರಣೆಗೆ ಹೊರಡಿಸುವ ಸಂದೇಹಕ್ಕೆ ಮನ್ನಣೆಯುಂಟು, ಅದರಲ್ಲೇ ನೆಲೆಸುವುದಕ್ಕಿಲ್ಲ.

ನಮ್ಮಲ್ಲಿ ಕೆಲವರು ಕಾಲಾಮರನ್ನು ಬೆರೋಯದವರಿಗೆ ಹೋಲಿಸುತ್ತಾರೆ (ಅ. ಕೃ. 17:11). ಹೋಲಿಕೆ ಸೊಗಸಾಗಿದೆ, ಆದರೆ ಸಡಿಲ. ಬೆರೋಯದವರು ಪೌಲನ ಬೋಧನೆಯನ್ನು ಶಾಸ್ತ್ರಗ್ರಂಥದಿಂದಲೇ ಪರೀಕ್ಷಿಸಿದರು. ಕಾಲಾಮರಿಗಾದರೋ ಶಾಸ್ತ್ರಗ್ರಂಥವೂ ಸಾಲದು. ಭೇದ ಇನ್ನೂ ಆಳವಾಗಿದೆ. ಪೌಲನು ನಂಬಿಕೆಯ ಹುಟ್ಟನ್ನು ಕೇಳುವಿಕೆಯಲ್ಲಿ ಕಾಣುತ್ತಾನೆ (ರೋಮಾ. 10:17), ಬುದ್ಧನ ಪಟ್ಟಿಯಲ್ಲಿ ಮೊದಲು ಬರುವುದೇ ಕೇಳಿಬಂದ ಮಾತು. ಪುನರುತ್ಥಾನವನ್ನು ನಾವು ಕಂಡವರಲ್ಲ, ಕಂಡವರ ಸಾಕ್ಷಿಯನ್ನು ಕೇಳಿದವರು. ತೋಮನಿಗೆ ದೊರೆತ ಅವಕಾಶ ನಮಗಿಲ್ಲ. ಇದನ್ನು ಮರೆಮಾಚಿ ನಡೆಸುವ ಸಂವಾದ ಬರಿಯ ಸೌಜನ್ಯವಾದೀತು.

ಹಾಗೆಂದು ಬೌದ್ಧಮಾರ್ಗದಲ್ಲಿ ಕೇಳುವಿಕೆಗೆ ಎಡೆಯೇ ಇಲ್ಲವೆನ್ನಲಾಗದು. ಮಜ್ಝಿಮ ನಿಕಾಯದ ಚಂಕೀ ಸುತ್ತದಲ್ಲಿ ಶಿಷ್ಯನು ಮೊದಲು ಗುರುವಿನ ನಡೆನುಡಿಗಳಲ್ಲಿ ಲೋಭ, ದ್ವೇಷ, ಮೋಹಗಳಿವೆಯೇ ಎಂದು ಪರೀಕ್ಷಿಸುತ್ತಾನೆ. ಬಳಿಕವೇ ಶ್ರದ್ಧೆ, ಧರ್ಮಶ್ರವಣ, ಅರ್ಥವಿಚಾರ. ಶ್ರದ್ಧೆಯುಳ್ಳವನು ಅದನ್ನು ತನ್ನ ಶ್ರದ್ಧೆಯೆಂದು ಹೇಳಿಕೊಳ್ಳಬಹುದು. ಅಷ್ಟರಿಂದಲೇ ಉಳಿದುದೆಲ್ಲ ಸುಳ್ಳೆಂದು ತೀರ್ಮಾನಿಸಲಾಗದು ಎಂದೂ ಅಲ್ಲಿ ಹೇಳಿದೆ. ಪ್ರಶ್ನೆ ಕೇಳುವ ಸೆಮಿನರಿ ವಿದ್ಯಾರ್ಥಿಯನ್ನು ಅವಿಶ್ವಾಸಿಯೆಂದು ಶಂಕಿಸುವ ನಮ್ಮ ಬೋಧಕರು ಕಾಲಾಮರಿಗಿಂತ ಮೊದಲು ಓದಬೇಕಾದುದು ಈ ಸುತ್ತವನ್ನು. ನಮ್ಮ ಸುವಾರ್ತೆಗೆ ಕಿವಿಗೊಡುವ ಮುನ್ನ ಕೇಳುಗರು ಸಾರುವವರ ಬಾಳನ್ನೇ ಹೀಗೆ ಪರೀಕ್ಷೆಗೆ ಒಡ್ಡಿದರೆ, ಅದನ್ನು ಅವಿಶ್ವಾಸವೆನ್ನಲು ನಮಗೆ ಯಾವ ಅಧಿಕಾರವಿದೆ?