ಆಟದ ಕಿರೀಟ, ನಿಜದ ಭಾರ

ರಾಜನನ್ನು ಧಿಕ್ಕರಿಸಿ ಹುಟ್ಟಿದ ದೇಶ ಅಮೆರಿಕಾ. ಆ ದೇಶದಲ್ಲೇ ಸಾವಿರಾರು ಜನ ರಜೆಯ ದಿನಗಳಲ್ಲಿ ಒಬ್ಬ ರಾಜನ ಮುಂದೆ ಮಂಡಿಯೂರುತ್ತಾರೆ ಎಂದರೆ ಓದುಗರಿಗೆ ಅಚ್ಚರಿಯಾದೀತು. ಅವನು ಆಟದ ರಾಜ. ಆದರೆ ಅವನನ್ನು ಆರಿಸುವ ಬಗೆ, ಅವನ ಕೈಕೆಳಗೆ ಊರೂರಿನ ಮುಖಂಡರನ್ನು ನೇಮಿಸುವ ಬಗೆ ಆಟದಷ್ಟು ಹಗುರವಾದುದಲ್ಲ.

1966ರ ಮೇ 1ರಂದು ಕ್ಯಾಲಿಫೋರ್ನಿಯಾದ ಬರ್ಕ್ಲಿ ನಗರದಲ್ಲಿ ಡಯಾನಾ ಪ್ಯಾಕ್ಸನ್ ಎಂಬ ಲೇಖಕಿಯ ಮನೆಯ ಹಿತ್ತಲಲ್ಲಿ ಕೆಲವು ಗೆಳೆಯರು ಮಧ್ಯಯುಗದ ಉಡುಪು ತೊಟ್ಟು ಕತ್ತಿವರಸೆ ಆಡಿದರು. ಅನಂತರ ಇಪ್ಪತ್ತನೆಯ ಶತಮಾನಕ್ಕೇ ಪ್ರತಿಭಟನೆ ಎಂಬಂತೆ ಬೀದಿಯಲ್ಲಿ ಮೆರವಣಿಗೆ ಹೊರಟರು. ಅಲ್ಲಿಂದ ಹುಟ್ಟಿದ ಸಂಘದ ಹೆಸರು 'ಸೊಸೈಟಿ ಫಾರ್ ಕ್ರಿಯೇಟಿವ್ ಅನಾಕ್ರಾನಿಸಂ'. ಬೇಕೆಂದೇ ಕಾಲ ತಪ್ಪಿ ಬದುಕುವವರ ಕೂಟ ಎನ್ನಬಹುದು. ಈಗ ಈ ಕೂಟ 20 'ರಾಜ್ಯ'ಗಳಾಗಿ ಹಂಚಿಕೊಂಡಿದೆ. ರಾಜ್ಯದ ಒಳಗೆ ಬ್ಯಾರನಿಗಳಿವೆ. ಬ್ಯಾರನಿ ಎಂದರೆ ಒಂದು ನಗರದ ಅಥವಾ ಜಿಲ್ಲೆಯ ಬಳಗ. ಅದರ ಗೌರವ ಮುಖಂಡರು ಬ್ಯಾರನ್ ಮತ್ತು ಬ್ಯಾರನೆಸ್.

ರಾಜನ ಆಯ್ಕೆ ಕಾಳಗದಿಂದ. ಬೆತ್ತದ ಕತ್ತಿ, ಮೈತುಂಬ ಕವಚ. ಕೊನೆಯವರೆಗೂ ಸೋಲದೆ ನಿಂತವನು ಮುಂದಿನ ರಾಜ. ಯಾರ ಹೆಸರಿನಲ್ಲಿ ಹೋರಾಡಿದನೋ ಅವರೇ ಅವನ ಜೊತೆ ಸಿಂಹಾಸನ ಏರುತ್ತಾರೆ. ತೋಳ್ಬಲಕ್ಕೆ ಪಟ್ಟ ಕಟ್ಟುವ ಈ ಪದ್ಧತಿ ಅನಾಗರಿಕ ಎನಿಸುವುದು ಸಹಜ. ಆದರೆ ಇದರೊಳಗೆ ಎರಡು ಗಮನಾರ್ಹ ಸಂಗತಿಗಳಿವೆ. ಮೊದಲನೆಯದು, ಬಿದ್ದ ಪೆಟ್ಟು ಸರಿಯಾದ ಪೆಟ್ಟೇ ಎಂದು ತೀರ್ಮಾನಿಸುವವನು ಪೆಟ್ಟು ತಿಂದವನು. 'ನಾನು ಸತ್ತೆ' ಎಂದು ಅವನೇ ಒಪ್ಪಿ ಬೀಳಬೇಕು. ಸುಳ್ಳು ಹೇಳಿ ಗೆದ್ದವನ ಕಿರೀಟಕ್ಕೆ ಆ ಕೂಟದಲ್ಲಿ ಕವಡೆಯ ಬೆಲೆಯೂ ಇಲ್ಲ. ಎರಡನೆಯದು, ಹೆಚ್ಚಿನ ರಾಜ್ಯಗಳಲ್ಲಿ ಆಳ್ವಿಕೆ ಸುಮಾರು ಆರೇ ತಿಂಗಳು. ಪಟ್ಟವೇರುವ ದಿನವೇ ಇಳಿಯುವ ದಿನ ಕಣ್ಣೆದುರಿಗಿರುತ್ತದೆ. ಸೋಲನ್ನು ತಾನಾಗಿ ಒಪ್ಪುವುದು, ಗಡುವಿಗೆ ಸರಿಯಾಗಿ ಇಳಿಯುವುದು: ನಿಜವಾದ ಆಳುವವರಲ್ಲಿ ನಾವು ದೀಪ ಹಿಡಿದು ಹುಡುಕುವ ಗುಣಗಳಿವು.

ಬ್ಯಾರನ್‌ನ ವಿಷಯ ಬೇರೆ. ಅವನು ಹಲವು ವರ್ಷ ಅದೇ ಜನರ ನಡುವೆ ಇರಬೇಕಾದವನು. ಲೆಕ್ಕಪತ್ರ, ಸಭಾಂಗಣದ ಬಾಡಿಗೆ, ಕಾನೂನಿನ ಹೊಣೆ ಎಲ್ಲವೂ ಸೆನೆಶಲ್ ಮೊದಲಾದ ಪದಾಧಿಕಾರಿಗಳದು. ಬ್ಯಾರನ್‌ನ ಕೆಲಸ ಕಾಣುವುದು ಮತ್ತು ಕಾಣಿಸುವುದು. ಹಬ್ಬದೂಟದ ದಿನ ಅಡುಗೆಮನೆಯಲ್ಲಿ ಬೆವರು ಸುರಿಸಿ ಪಾತ್ರೆ ತೊಳೆದವಳ ಹೆಸರನ್ನು ತುಂಬಿದ ಸಭೆಯಲ್ಲಿ ಕೂಗಿ ಕರೆದು ಗೌರವಿಸುವುದು, ಹೊಸಬರನ್ನು ಕೂರಿಸಿ ಮಾತಾಡಿಸುವುದು. ಇದಕ್ಕೆ ತೋಳ್ಬಲ ಸಾಲದು, ನೆನಪು ಬೇಕು, ಕಣ್ಣು ಬೇಕು. ಆದ್ದರಿಂದಲೇ ಇಲ್ಲಿ ಕಾಳಗವಿಲ್ಲ. ಆಕಾಂಕ್ಷಿಗಳು ತಮ್ಮ ಇರಾದೆಯನ್ನು ಬರೆದು ತಿಳಿಸುತ್ತಾರೆ, ಬಳಗದ ಪ್ರಶ್ನೆಗಳಿಗೆ ಉತ್ತರಿಸುತ್ತಾರೆ. ಬಳಗದವರು ತಮ್ಮ ಅಭಿಪ್ರಾಯವನ್ನು ಬರೆದು ಕೊಡುತ್ತಾರೆ.

ಇಲ್ಲಿಯವರೆಗೆ ಸರಿ. ಆದರೆ ಆ ಅಭಿಪ್ರಾಯ ಸಲಹೆ ಮಾತ್ರ. ತೀರ್ಮಾನ ಆಗ ಸಿಂಹಾಸನದಲ್ಲಿರುವ ರಾಜ ರಾಣಿಯರದು. ಯಾರ ಕಡೆ ಎಷ್ಟು ಜನರಿದ್ದರು ಎಂಬುದನ್ನು ಸಾಮಾನ್ಯವಾಗಿ ಹೊರಗೆ ಹೇಳುವುದಿಲ್ಲ. ಆರು ತಿಂಗಳಲ್ಲಿ ಇಳಿದು ಹೋಗುವ ರಾಜ, ವರ್ಷಗಟ್ಟಲೆ ಉಳಿಯುವ ಮುಖಂಡನನ್ನು ಮುಚ್ಚಿದ ಬಾಗಿಲ ಹಿಂದೆ ಆರಿಸಿ ಹೋಗುತ್ತಾನೆ. ಪ್ರಜೆಯನ್ನು ಕೇಳಿದ ಶಾಸ್ತ್ರವೂ ಆಯಿತು, ದೊರೆಯ ಮಾತೂ ನಡೆಯಿತು.

ಈ ಗುಟ್ಟಿಗೆ ಒಂದು ಸಮರ್ಥನೆಯಿದೆ. ವಾರವಾರವೂ ಸೇರಿ ಹೊಲಿಗೆ, ಕುಣಿತ, ಕತ್ತಿವರಸೆ ಕಲಿಯುವ ಸಣ್ಣ ಬಳಗದಲ್ಲಿ, ನಿನಗೆ ಒಲಿದವರು ಇಬ್ಬರೇ ಎಂದು ಸಾರಿದರೆ ಸೋತವನು ಮರುವಾರ ಯಾವ ಮುಖ ಹೊತ್ತು ಬರಬೇಕು? ಈ ಮಾತನ್ನು ನಾವು ತಳ್ಳಿಹಾಕಲಾರೆವು. ಮರ್ಯಾದೆ ಕಾಪಾಡುವುದೂ ನ್ಯಾಯದ ಒಂದು ಭಾಗವೇ. ಆದರೆ ಎಣಿಕೆಯನ್ನು ಮುಚ್ಚಿಡುವುದು ಬೇರೆ, ಕಾರಣವನ್ನು ಮುಚ್ಚಿಡುವುದು ಬೇರೆ. ಇವರನ್ನು ಇಂಥ ಗುಣಕ್ಕಾಗಿ ಆರಿಸಿದೆವು ಎಂಬ ಎರಡು ಮಾತು ಸಭೆಯಲ್ಲಿ ಕೇಳಿಬಂದರೆ ಯಾರ ಮಾನವೂ ಹೋಗದು. ಕಾರಣ ಹೇಳದ ಆಯ್ಕೆ ಆಟದಲ್ಲೂ ಗುಂಪುಗಾರಿಕೆಯ ಗುಮಾನಿಗೆ ದಾರಿಮಾಡುತ್ತದೆ.

ಇದು ಬಿಡುವಿನ ಆಟ, ಇದಕ್ಕೆ ಇಷ್ಟು ಚರ್ಚೆ ಏಕೆ ಎಂದು ಕೇಳಬಹುದು. ಉತ್ತರ 2018ರ ಜನವರಿಯಲ್ಲಿದೆ. ದಕ್ಷಿಣ ಕ್ಯಾಲಿಫೋರ್ನಿಯಾದ 'ಕೇಡ್' ರಾಜ್ಯದ ರಾಜ ರಾಣಿಯರ ಉಡುಪಿನ ಅಂಚಿನಲ್ಲಿ ಸ್ವಸ್ತಿಕದ ನೇಯ್ಗೆ ಕಾಣಿಸಿತು. ನಮ್ಮ ನೆರೆಮನೆಯ ಹೊಸ್ತಿಲಲ್ಲಿ ಶುಭವಾಗಿ ಬರೆಯುವ ಸ್ವಸ್ತಿಕ ಬೇರೆ, ಹಿಟ್ಲರನ ನಂತರ ಪಾಶ್ಚಾತ್ಯರ ಮೈಮೇಲೆ ಅದು ಪಡೆಯುವ ಅರ್ಥ ಬೇರೆ. ಅದು ಪ್ರಾಚೀನ ಉತ್ತರ ಯುರೋಪಿನ ನೇಯ್ಗೆಯ ಮಾದರಿ ಎಂಬ ವಾದ ಬಂತು. ಮಾದರಿ ಹಳೆಯದೇ ಇರಬಹುದು, ಆದರೆ ನೋಡುವ ಕಣ್ಣುಗಳು ಇಂದಿನವು. ಕೆಲವೇ ತಿಂಗಳ ಹಿಂದೆ, 2017ರ ಆಗಸ್ಟ್‌ನಲ್ಲಿ, ವರ್ಜೀನಿಯಾದ ಷಾರ್ಲಟ್ಸ್‌ವಿಲ್‌ನಲ್ಲಿ ಬಿಳಿಯರ ಶ್ರೇಷ್ಠತೆ ಸಾರುವವರು ಮಧ್ಯಯುಗದ ಲಾಂಛನಗಳ ಗುರಾಣಿ ಹಿಡಿದು ಬೀದಿಗಿಳಿದಿದ್ದರು. ಕೇಡ್‌ನ ಆ ಜೋಡಿ ಪಟ್ಟ ಬಿಟ್ಟಿತು.

ಆ ಸಭೆಯಲ್ಲಿ ಒಬ್ಬ ಯಹೂದಿ ಕುಳಿತಿದ್ದರೆ, ಆ ಉಡುಪಿನವರ ಮುಂದೆ ಅವನು ಮಂಡಿಯೂರುವುದು ಹೇಗೆ? ಕತ್ತಿ ಬೆತ್ತದ್ದಾದರೂ ಅವಮಾನ ಬೆತ್ತದ್ದಲ್ಲ. ಗೌರವ ಮುಖಂಡನಿಗೆ ಅಧಿಕಾರವಿಲ್ಲ ಎನ್ನುವುದು ಅರ್ಧ ಸತ್ಯ. ಈ ಅಂಗಳ ಯಾರದು, ಇಲ್ಲಿ ಯಾರು ಅತಿಥಿ, ಯಾರು ಪರಕೀಯ ಎಂಬುದನ್ನು ಅವನ ಇರವೇ ಹೇಳಿಬಿಡುತ್ತದೆ.

ಇನ್ನೊಂದು ಮಾತು ಹೆಸರುಗಳ ಕುರಿತು. ಇದೇ ಕೇಡ್ ರಾಜ್ಯದಲ್ಲಿ ಸ್ಯಾನ್ ಡಿಯಾಗೋ ಭಾಗದ ಬ್ಯಾರನಿಯ ಹೆಸರು 'ಕಲಾಫಿಯಾ'. 1510ರ ಸುಮಾರಿಗೆ ಪ್ರಕಟವಾದ ಮೊಂತಾಲ್ವೊನ ಸ್ಪ್ಯಾನಿಷ್ ಸಾಹಸಕಥೆಯಲ್ಲಿ ಕ್ಯಾಲಿಫೋರ್ನಿಯಾ ಎಂಬ ದ್ವೀಪವಿದೆ. ಅದನ್ನಾಳುವ ಕಪ್ಪು ರಾಣಿ ಕಲಾಫಿಯಾ ಮುಸ್ಲಿಮರ ಪಕ್ಷದಲ್ಲಿ ಯುದ್ಧಕ್ಕೆ ಬರುತ್ತಾಳೆ. ಕಥೆ ಕೊನೆಗೆ ಅವಳನ್ನು ಸೋಲಿಸಿ, ಮತ ಬದಲಿಸಿ, ಮದುವೆ ಮಾಡಿಸುತ್ತದೆ. ಅವಳ ಹೆಸರಿನ ಬೇರು 'ಖಲೀಫ' ಎಂಬ ಅರಬಿ ಪದದಲ್ಲಿದೆ ಎಂದು ಹಲವು ವಿದ್ವಾಂಸರು ಭಾವಿಸುತ್ತಾರೆ. ಹಾಗಿದ್ದರೆ ಈ ಆಟ ಹುಟ್ಟಿದ ನಾಡಿನ ಹೆಸರಿನಲ್ಲೇ ನಾಯಕತ್ವದ ಒಂದು ಅರಬಿ ಶಬ್ದ ಅಡಗಿದೆ. ಮಧ್ಯಯುಗ ಬರೀ ಬಿಳಿಯರ ಕೋಟೆಯಲ್ಲ ಎನ್ನಲು ಬೇರೆ ಪುರಾವೆ ಏಕೆ? ಸಂಘದ ಸದಸ್ಯರು ಅರಬ್, ತುರ್ಕಿ ಪಾತ್ರಗಳನ್ನೂ ಧರಿಸಲು ಅಡ್ಡಿಯಿಲ್ಲ ಎಂಬುದು ಸಮಾಧಾನದ ಸಂಗತಿ. ಆದರೆ ನಮ್ಮ ಪಗಡಿಯನ್ನು ತೊಡುವುದು ಸುಲಭ. ಪಗಡಿಯನ್ನೇ ಮನೆಯ ಉಡುಪಾಗಿ ಬಲ್ಲವನನ್ನು ಪಕ್ಕದಲ್ಲಿ ಕೂರಿಸಿಕೊಳ್ಳುವುದು ಕಷ್ಟದ ಕೆಲಸ.

ಈ ಕೂಟದಲ್ಲಿ ಎಲ್ಲರೂ ಕುಲೀನರೆಂದೇ ಲೆಕ್ಕ. ಉಳುವವನ ಪಾತ್ರಕ್ಕೆ ಮುಂದೆ ಬರುವವರು ವಿರಳ. ಇತಿಹಾಸಕ್ಕೆ ಇದು ಮೋಸವೇ ಸರಿ, ಏಕೆಂದರೆ ನೂರು ಜನ ಉಳದೆ ಒಬ್ಬ ಬ್ಯಾರನ್ ಉಣ್ಣುತ್ತಿರಲಿಲ್ಲ. ಆದರೂ ಗುಮಾಸ್ತನಿಗೂ ಲಾರಿ ಚಾಲಕನಿಗೂ 'ಪ್ರಭು' ಎನ್ನಿಸಿಕೊಳ್ಳುವ ಭಾಗ್ಯ ದಿನಪೂರ್ತಿ ಸಿಗುವುದಾದರೆ ಅದನ್ನು ಹೀಗಳೆಯುವ ಮನಸ್ಸು ನಮಗಿಲ್ಲ. ಎಲ್ಲರಿಗೂ ಮರ್ಯಾದೆ ಎಂಬ ಆ ಮಾತು ನಿಜವಾಗಬೇಕಾದರೆ ಮುಖಂಡನ ಆಯ್ಕೆಯಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ. ಕಿರೀಟ ಯಾರಿಗೆ ಒಪ್ಪುತ್ತದೆ, ಯಾರ ಉಡುಪು ಬೆಲೆಬಾಳುತ್ತದೆ ಎಂದು ಕೇಳಿ ಫಲವಿಲ್ಲ. ಸಭೆಯ ಕೊನೆಯ ಸಾಲಿನಲ್ಲಿ ಕುಳಿತ ಹೊಸಬನ ಹೆಸರು ಯಾರಿಗೆ ಗೊತ್ತಿದೆ ಎಂದು ಕೇಳಬೇಕು.