ಕತ್ತರಿಗೆ ಮುಂಚೆ ಕಣ್ಣು

ದೊಡ್ಡಮ್ಮನ ಬ್ಯಾಡರಹಳ್ಳಿ ಮನೆ ನಮ್ಮ ಪಾಲಿಗೆ ಬಂದಾಗ ಕಾಗದಪತ್ರವೆಲ್ಲ ಸರಿಯಾಗಿತ್ತು. ಹಿತ್ತಲಿನ ಗಿಡಗಳ ಹೆಸರು ಮಾತ್ರ ಯಾವ ಪತ್ರದಲ್ಲೂ ಇರಲಿಲ್ಲ. ಅದು ಡಿಸೆಂಬರು. ಮೂಲೆಯಲ್ಲಿ ಒಂದು ಬೋಳು ಮರ, ಮೊಂಡು ಮೊಂಡು ಕೊಂಬೆ. ಸತ್ತಿದೆ ಅಂದುಕೊಂಡು ಒಂದನ್ನು ಲಟಕ್ಕನೆ ಮುರಿದೆ. ಬಿಳೀ ಹಾಲು ಮೊಣಕೈವರೆಗೂ ಇಳಿಯಿತು. ಚಳಿಗಾಲಕ್ಕೆ ಎಲೆ ಉದುರಿಸಿ ನಿಲ್ಲುವ ದೇವಗಣಗಿಲೆ ಅದು.

ಹಾಗಾಗಿ ಹೊಸಬರಿಗೆ ನನ್ನ ಮಾತು: ಒಂದು ಯುಗಾದಿಯಿಂದ ಇನ್ನೊಂದು ಯುಗಾದಿವರೆಗೆ ಕತ್ತರಿ ಅಟ್ಟದ ಮೇಲಿರಲಿ. ಅನುಮಾನ ಬಂದರೆ ತೊಗಟೆಯನ್ನು ಉಗುರಿನಲ್ಲಿ ಕೆರೆಯಿರಿ. ಒಳಗೆ ಹಸಿರಿದ್ದರೆ ಜೀವವಿದೆ.

ದೇವಗಣಗಿಲೆಯನ್ನು ನೋಡಿ ಸವಿಯಬೇಕಾದದ್ದು ಬೋಳಾಗಿದ್ದಾಗಲೇ. ಅದರ ಹೂಗೊಂಚಲು ಬರುವುದು ಕೊಂಬೆಯ ತುದಿಯಲ್ಲಿ. ಹೂ ಬಂದ ಮೇಲೆ ಆ ತುದಿ ಮುಂದೆ ಬೆಳೆಯದು, ಕೆಳಗಿನಿಂದ ಎರಡೋ ಮೂರೋ ಕವಲೊಡೆಯುತ್ತದೆ. ಬುಡದಿಂದ ಕವಲು ಎಣಿಸುತ್ತ ಹೋದರೆ ಆ ಕೊಂಬೆ ಎಷ್ಟು ಸಲ ಹೂಬಿಟ್ಟಿದೆ ಅಂತ ಹೆಚ್ಚುಕಡಿಮೆ ತಿಳಿಯುತ್ತದೆ. ನಾನು ಮುರಿದದ್ದು ಏಳನೆಯದು. ದೇವಸ್ಥಾನದ ಅಂಗಳದಲ್ಲೆಲ್ಲ ಕಾಣುವ ಈ ಮರದ ತವರು ಅಮೆರಿಕ ಖಂಡ ಅಂದರೆ ದೊಡ್ಡಮ್ಮ ನಂಬುತ್ತಿರಲಿಲ್ಲ ಬಿಡಿ.

ಹಾಲು ಕಂಡಮಾತ್ರಕ್ಕೆ ಗುರುತು ಸಿಕ್ಕಿತು ಅನ್ನಬೇಡಿ, ನಂದಿಬಟ್ಟಲಿನಲ್ಲೂ ಹಾಲಿದೆ. ಅದರ ಎಲೆ ಎದುರುಬದುರು ಜೋಡಿ, ಹೊಳಪು ಹಸಿರು. ಕಣಗಿಲೆಯದು ಸಪೂರ, ಗೆಣ್ಣಿಗೆ ಸಾಮಾನ್ಯವಾಗಿ ಮೂರು. ಕಣಗಿಲೆ ಬೇರಿನಿಂದ ಹೂವಿನವರೆಗೆ ವಿಷ; ಸವರಿದರೆ ಕೈ ತೊಳೆಯಿರಿ, ಕಡ್ಡಿಯನ್ನು ಒಲೆಗೆ ಹಾಕಬೇಡಿ. ಪಾರಿಜಾತವನ್ನು ಕಣ್ಣುಮುಚ್ಚಿಯೂ ಹಿಡಿಯಬಹುದು: ಎಲೆ ಮರಳುಕಾಗದದ ಹಾಗೆ ಒರಟು, ಎಳೇ ಕಡ್ಡಿ ಚೌಕ.

ಮಲ್ಲಿಗೆ ಒಂದಕ್ಕೆ ಮಾತ್ರ ಕರುಣೆ ಬೇಡ. ಅದು ಹೂಬಿಡುವುದು ಹೊಸ ಚಿಗುರಿನಲ್ಲಿ. ನವೆಂಬರ್ ಕೊನೆಗೆ ಮೊಣಕಾಲೆತ್ತರಕ್ಕೆ ಸವರಿ, ಉಳಿದ ಎಲೆ ಕಿತ್ತು ಗೊಬ್ಬರ ಕೊಡಿ. ನೋಡಿದವರು ಕೊಲೆ ಅಂತಾರೆ, ಅನ್ನಲಿ. ನಮ್ಮ ಮಲ್ಲಿಗೆಯ ಬುಡದಲ್ಲಿ ಗಂಟುಗಂಟಾಗಿ ಹಳೇ ಗಾಯಗಳಿವೆ, ಎಲ್ಲವೂ ಒಂದೇ ಎತ್ತರದಲ್ಲಿ. ದೊಡ್ಡಮ್ಮ ಎಲ್ಲಿಗೆ ಕತ್ತರಿಸುತ್ತಿದ್ದಳೆಂದು ಕೇಳಬೇಕಾಗಿ ಬರಲೇ ಇಲ್ಲ.

ದೊಡ್ಡ ಮರಕ್ಕೆ ಕೊಡಲಿ ಇಡುವುದಾದರೆ 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಿದೆ, ಮೊದಲು ಅನುಮತಿ ಕೇಳಿ.

ಉಳಿದ ಹೆಸರುಗಳನ್ನು ಹೇಳಿಕೊಟ್ಟವರು ಬೆಳಗ್ಗೆ ಪೂಜೆಗೆ ಹೂ ಕೇಳಿಕೊಂಡು ಬರುವ ಪಕ್ಕದ ಮನೆಯವರು. ಏಪ್ರಿಲ್‌ನಲ್ಲಿ ಅವರೇ ದೇವಗಣಗಿಲೆಯತ್ತ ಬೆರಳು ಮಾಡಿದರು: ಎಲ್ಲ ಕೊಂಬೆಯ ತುದಿಯಲ್ಲೂ ಹೂ, ನಾನು ಮುರಿದ ಕಡೆ ಎರಡು ಬರೀ ಚಿಗುರು.